ಗ್ರಂಥಭಾಂಡಾರವೂ ಓದುಗನ ಪ್ರಶ್ನೆಯೂ

(ಶ್ರೀಮಠದ ಸುವರ್ಣ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದ ಸ್ಮರಣಾರ್ಥವಾಗಿ ಶ್ರೀಮಠದ ಗ್ರಂಥಭಾಂಡಾರದ ಪಟ್ಟಿಯನ್ನು ಅಂತರ್ಜಾಲದಲ್ಲಿ ಇರಿಸಬೇಕೆಂದೂ, ದೂರದ ಓದುಗರು ತಾವಿದ್ದಲ್ಲಿಂದಲೇ ಪ್ರಶ್ನೆ ಕೇಳಿ ಸಹಾಯ ಪಡೆಯುವಂತೆ ಏರ್ಪಾಡು ಮಾಡಬೇಕೆಂದೂ ನಿಶ್ಚಯವಾಗಿರುವದು ತಮಗೆಲ್ಲ ತಿಳಿದ ಸಂಗತಿಯೇ ಆಗಿದೆ. ಆ ಸಹಾಯದ ರೂಪವು ಹೇಗಿರಬೇಕೆಂಬದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಪಾಠಶಾಲೆಯಲ್ಲಿ ವ್ಯಾಕರಣ ಕಾವ್ಯಗಳನ್ನು ಓದಿ ಬೆಳೆದವನು. ಯಂತ್ರವಿದ್ಯೆಯಲ್ಲಿ ನನಗೆ ಪ್ರವೇಶವು ಅತ್ಯಲ್ಪ. ಆದರೂ ಇಪ್ಪತ್ತೈದು ವರ್ಷಗಳಿಂದ ಭಾಂಡಾರದ ಬೀಗದಕೈಗಳು ನನ್ನ ಬಳಿಯಲ್ಲಿರುವದರಿಂದ, ಬಂದವರು ಹೇಗೆ ಕೇಳುತ್ತಾರೆ, ಏನನ್ನು ಕೇಳದೆ ಹಿಂತಿರುಗುತ್ತಾರೆ ಎಂಬದನ್ನು ಕಣ್ಣಾರೆ ಕಂಡಿದ್ದೇನೆ. ಆ ಅನುಭವದ ಬಲದಿಂದಲೇ ಈ ವಿಷಯವನ್ನು ಯಥಾಮತಿಯಾಗಿ ನಿವೇದಿಸುವೆನು.

ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ದೂರದ ಹಳ್ಳಿಯ ತರುಣನೊಬ್ಬನು ಭಾಂಡಾರಕ್ಕೆ ಬಂದು, ದನಗಳ ವೈದ್ಯದ ಪುಸ್ತಕವಿದೆಯೇ ಎಂದು ಕೇಳಿದನು. ನಾನು ಹಿಗ್ಗಿನಿಂದ ಎದ್ದು, ಹಳೆಯ ಗೋವೈದ್ಯ ಗ್ರಂಥದ ಓಲೆಪ್ರತಿಯನ್ನು ತಂದು, ಅದರ ಲಿಪಿಯ ಪ್ರಾಚೀನತೆಯನ್ನು ವರ್ಣಿಸಿ, ಅವನ ಮುಂದಿಟ್ಟೆನು. ಅವನು ಅರ್ಧ ಗಂಟೆ ಅದನ್ನು ನೋಡುತ್ತ ಕುಳಿತು, ಕೈಮುಗಿದು ಹೊರಟುಹೋದನು. ಅವನ ಮನೆಯ ಎಮ್ಮೆಗೆ ಗೊರಸು ಬಾತು ಮೇವು ಬಿಟ್ಟಿದ್ದ ಸಂಗತಿಯು ನನಗೆ ತಿಳಿದದ್ದು ವಾರ ಕಳೆದ ಮೇಲೆ. ಆ ರೋಗದ ಲಕ್ಷಣಗಳನ್ನೂ ಮಾಡತಕ್ಕ ಉಪಚಾರವನ್ನೂ ತಿಳಿಗನ್ನಡದಲ್ಲಿ ಹೇಳುವ ಅಚ್ಚಿನ ಕೈಪಿಡಿಯು ಪಕ್ಕದ ಕಪಾಟಿನಲ್ಲಿಯೇ ಇದ್ದಿತು. ಆದರೆ ಅದು ಬೇಸಾಯದ ಪುಸ್ತಕಗಳ ಸಾಲಿನಲ್ಲಿ ಸೇರಿದ್ದಿತು. ಎಮ್ಮೆ ಉಳಿಯಲಿಲ್ಲ. ಕೈಪಿಡಿ ದೊರೆತಿದ್ದರೆ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಆದರೆ ನಾನು ಅವನ ಮಾತಿಗೆ ಉತ್ತರ ಕೊಟ್ಟೆನೇ ಹೊರತು ಅವನ ಕಷ್ಟಕ್ಕೆ ಕೊಡಲಿಲ್ಲವೆಂಬದು ನಿಜ. "ಅಪ್ಪಾ, ನಿನಗೇನಾಗಬೇಕಾಗಿದೆ?" ಎಂಬ ಒಂದು ಮಾತನ್ನು ನಾನು ಕೇಳಿರಲಿಲ್ಲ.

ಈ ದೋಷವು ನನ್ನೊಬ್ಬನದೇ ಅಲ್ಲವೆಂಬದು ಗ್ರಂಥಾಲಯ ಶಾಸ್ತ್ರಜ್ಞರ ಬರಹಗಳನ್ನು ಓದಿದ ಮೇಲೆ ತಿಳಿಯಿತು. ಅಮೆರಿಕದ ರಾಬರ್ಟ್ ಟೇಲರ್ ಎಂಬ ವಿದ್ವಾಂಸರು 1968ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಪ್ರಶ್ನೆಯು ನಾಲ್ಕು ಹಂತಗಳನ್ನು ದಾಟಿ ಗ್ರಂಥಪಾಲಕನ ಬಳಿಗೆ ಬರುವದೆಂದು ವಿವರಿಸಿದ್ದಾರೆ. ಮೊದಲು ಅದು ಒಳಗಿನ ಒಂದು ಕೊರಗು, ಅದಕ್ಕಿನ್ನೂ ಮಾತಿಲ್ಲ. ಎರಡನೆಯ ಹಂತದಲ್ಲಿ ಮನಸ್ಸು ಅದನ್ನು ಅಸ್ಪಷ್ಟವಾಗಿ ಗುರುತಿಸುವದು. ಮೂರನೆಯದರಲ್ಲಿ ಅದು ಸರಿಯಾದ ವಾಕ್ಯವಾಗಿ ರೂಪುಗೊಳ್ಳುವದು. ನಾಲ್ಕನೆಯದರಲ್ಲಿ, ಈ ಭಾಂಡಾರದಲ್ಲಿ ಏನು ಸಿಕ್ಕೀತು, ಇಲ್ಲಿಯವರಿಗೆ ಯಾವ ಮಾತು ತಿಳಿದೀತು ಎಂದು ಊಹಿಸಿ, ಓದುಗನು ತನ್ನ ಪ್ರಶ್ನೆಯನ್ನು ತಾನೇ ಕತ್ತರಿಸಿ ಕಿರಿದುಮಾಡಿಕೊಳ್ಳುವನು. ನಮ್ಮ ಕಿವಿಗೆ ಬೀಳುವದು ಈ ಕೊನೆಯ ಕತ್ತರಿಸಿದ ರೂಪವೇ. ಆ ತರುಣನ "ದನಗಳ ವೈದ್ಯದ ಪುಸ್ತಕ"ವೂ ಇಂಥದೇ ಆಗಿದ್ದಿತು. ಆದುದರಿಂದ ಸಹಾಯ ಮಾಡತಕ್ಕವನು ಹೇಳಿದ ಮಾತಿನಿಂದ ಹಿಂದಕ್ಕೆ ನಡೆದು, ಓದುಗನೊಡನೆ ಆ ಮೊದಲಿನ ಕೊರಗಿನವರೆಗೆ ಹೋಗಬೇಕಾಗುವದು. 1986ರಲ್ಲಿ ಬ್ರೆಂಡಾ ಡರ್ವಿನ್ ಮತ್ತು ಪೆಟ್ರಿಷಿಯಾ ಡ್ಯೂಡ್ನಿ ಎಂಬ ವಿದುಷಿಯರು ಇದಕ್ಕೊಂದು ದಾರಿಯನ್ನು ತೋರಿಸಿದರು. "ಏತಕ್ಕೆ?" ಎಂದು ಕೇಳಿದರೆ ಕೇಳಿದವನು ಕುಗ್ಗುವನು, ಅದರ ಬದಲು ಅವನಿರುವ ಸ್ಥಿತಿಯೇನು, ಅವನು ತಡೆದು ನಿಂತದ್ದೆಲ್ಲಿ, ದೊರೆತ ಉತ್ತರದಿಂದ ಅವನಿಗೆ ಏನಾಗಬೇಕು ಎಂದು ವಿಚಾರಿಸಬೇಕೆಂಬದು ಅವರ ಮತ.

ಓದುಗನಿಗೆ ಕೈಹಿಡಿದು ಸಹಾಯ ಮಾಡುವದು ಗ್ರಂಥಪಾಲಕನ ಧರ್ಮವೆಂಬ ಭಾವನೆಯೂ ಹಳೆಯದೇ. ಅಮೆರಿಕದ ವುಸ್ಟರ್ ಪಟ್ಟಣದ ಗ್ರಂಥಪಾಲಕರಾದ ಸ್ಯಾಮ್ಯುಯೆಲ್ ಗ್ರೀನ್ ಎಂಬವರು 1876ರಲ್ಲಿಯೇ ಗ್ರಂಥಪಾಲಕ ಹಾಗೂ ಓದುಗರ ಪರಸ್ಪರ ಸಂಬಂಧವನ್ನು ಕುರಿತು ಬರೆದು, ಪುಸ್ತಕ ಕಾಯುವವನು ಜನರೊಡನೆ ಬೆರೆಯಬೇಕೆಂದು ವಾದಿಸಿದರು. ನಮ್ಮ ದೇಶದಲ್ಲಿ ಈ ಧರ್ಮವನ್ನು ಸೂತ್ರರೂಪಕ್ಕೆ ತಂದವರು ಶಿಯಾಳಿ ರಾಮಾಮೃತ ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕಗಳಿರುವದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೆ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೆ ಅದರ ಓದುಗ, ಓದುಗನ ಕಾಲವನ್ನು ಉಳಿಸಬೇಕು, ಗ್ರಂಥಾಲಯವು ಬೆಳೆಯುವ ಜೀವಿ. ಇವೇ ಆ ಐದು. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಒಂದು ಸಂಶೋಧನ ಹಾಗೂ ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ಕಾಲವಾದರು. ಅವರ ನಾಲ್ಕನೆಯ ಸೂತ್ರವನ್ನು ನಾವು ಇಂದು ವಿಶೇಷವಾಗಿ ನೆನೆಯಬೇಕು. ಉಳಿಸಬೇಕಾದದ್ದು ಓದುಗನ ಕಾಲವೆಂದು ಅವರು ಹೇಳಿದರು. ಭಾಂಡಾರದ ಅಧಿಕಾರಿಗಳ ಕಾಲವೆಂದಲ್ಲ.

ಈಗ ಅಂತರ್ಜಾಲದ ಸಹಾಯಸೇವೆಗೆ ಬರೋಣ. 1995ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಜೇನ್ಸ್ ಎಂಬ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಕೂಡಿಕೊಂಡು ಅಂತರ್ಜಾಲದ ಸಾರ್ವಜನಿಕ ಗ್ರಂಥಾಲಯವೊಂದನ್ನು ತೆರೆದರು. ಅದಕ್ಕೆ ಗೋಡೆಗಳಿರಲಿಲ್ಲ, ಆದರೂ ಪ್ರಶ್ನೆ ಬರೆದು ಕಳಿಸಿದವರಿಗೆ ಮನುಷ್ಯರೇ ಹುಡುಕಿ ಉತ್ತರ ಬರೆಯುತ್ತಿದ್ದರು. ಸುಮಾರು ಇಪ್ಪತ್ತು ವರ್ಷ ಸೇವೆ ಸಲ್ಲಿಸಿ ಅದು ನಿಂತಿತು. 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಮಹಾಗ್ರಂಥಾಲಯವೂ ಒಸಿಎಲ್‌ಸಿ ಎಂಬ ಸಂಸ್ಥೆಯೂ ಕೂಡಿ ಕ್ವೆಶ್ಚನ್‌ಪಾಯಿಂಟ್ ಎಂಬ ವ್ಯವಸ್ಥೆಯನ್ನು ನಡೆಸತೊಡಗಿದವು. ಒಂದು ಗ್ರಂಥಾಲಯಕ್ಕೆ ಬಂದ ಪ್ರಶ್ನೆಯನ್ನು ಅದಕ್ಕೆ ಉತ್ತರ ಬಲ್ಲ ಮತ್ತೊಂದು ಗ್ರಂಥಾಲಯಕ್ಕೆ ದಾಟಿಸುವ ಅನುಕೂಲತೆಯು ಅದರಲ್ಲಿದ್ದಿತು. ಇಂದು ಪತ್ರದ ಮೂಲಕ ಕೇಳುವದು, ಕುಳಿತಲ್ಲಿಯೇ ಒಡನೊಡನೆ ಬರೆದು ಸಂಭಾಷಿಸುವದು, ಪದೇಪದೇ ಬರುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವದು ಎಂಬ ಮೂರು ರೀತಿಗಳು ಅನೇಕ ದೇಶಗಳಲ್ಲಿ ರೂಢಿಯಾಗಿವೆ.

ಇವುಗಳಿಂದಾಗುವ ಲಾಭವು ದೊಡ್ಡದು. ಆದರೆ ಒಂದು ನಷ್ಟವೂ ಉಂಟು. ಎದುರಿಗೆ ನಿಂತ ಓದುಗನ ಮುಖವು ನಮಗೆ ಕಾಣುವದು. ಅವನು ಹುಬ್ಬು ಗಂಟಿಕ್ಕಿದರೆ, ಹೌದೆಂದು ತಲೆಯಾಡಿಸಿಯೂ ಕಾಲು ಹಿಂದೆಗೆದರೆ, ಅರಿಯಬಲ್ಲವನು ಅರಿತುಕೊಳ್ಳುವನು. ನಾನು ಅದನ್ನು ಕಂಡೂ ಕಾಣದವನಾದೆನು. ಅದು ನನ್ನ ಅಜಾಗರೂಕತೆ. ಅಂತರ್ಜಾಲದ ಪುಟಕ್ಕಾದರೋ ಕಣ್ಣೇ ಇಲ್ಲ. ಓದುಗನು ಬೇಸತ್ತು ಹೊರಟುಹೋದರೆ ಬಾಗಿಲ ಸಪ್ಪಳವೂ ಕೇಳಿಸುವದಿಲ್ಲ. ಆದುದರಿಂದ ಮುಖ ನೋಡಿ ಮಾಡಬಹುದಾಗಿದ್ದ ವಿಚಾರವನ್ನು ಪುಟವನ್ನು ಕಟ್ಟುವದಕ್ಕಿಂತ ಮುಂಚೆಯೇ ಮಾಡಿ ಮುಗಿಸಬೇಕು. ನಾನು ಈ ದಿನ ಹೇಳಬೇಕಾದ ಮುಖ್ಯವಾದ ಮಾತು ಇದೊಂದೇ.

ಬಳಸುವವನನ್ನು ನಡುವೆ ಇರಿಸಿಕೊಂಡು ರಚಿಸುವದೆಂಬ ತತ್ವವನ್ನು ಅಮೆರಿಕದ ಡೊನಾಲ್ಡ್ ನಾರ್ಮನ್ ಎಂಬವರು, ಸ್ಟೀಫನ್ ಡ್ರೇಪರ್ ಅವರೊಡನೆ 1986ರಲ್ಲಿ ಸಂಪಾದಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಮನುಷ್ಯನಿಗೂ ಯಂತ್ರಕ್ಕೂ ನಡುವೆ ಎರಡು ಕಂದರಗಳಿರುವವೆಂದು ಅವರು ಹೇಳುತ್ತಾರೆ. ತಾನು ಬಯಸಿದ್ದನ್ನು ಮಾಡಲು ಏನನ್ನು ಒತ್ತಬೇಕೆಂದು ತಿಳಿಯದಿರುವದು ಒಂದು. ಒತ್ತಿದ ಮೇಲೆ ಏನಾಯಿತೆಂದು ತಿಳಿಯದಿರುವದು ಮತ್ತೊಂದು. ಕಟ್ಟಿದವನಿಗೆ ಈ ಕಂದರಗಳೆರಡೂ ಕಾಣುವದಿಲ್ಲ. ತನ್ನ ಮನೆಯ ಹೊಸ್ತಿಲ ಎತ್ತರವು ಮನೆಯವನಿಗೆ ತಿಳಿಯದು, ಎಡವುವವನು ನೆಂಟನೇ. ಆದುದರಿಂದ ನೆಂಟನನ್ನೇ ಕರೆದು ನಡೆಸಿ ನೋಡಬೇಕು.

ಹಾಗೆ ನೋಡುವ ಕ್ರಮವು ಬಹಳ ಸರಳವಾದದ್ದು. ಪುಟದ ಕರಡನ್ನು ಓದುಗನ ಮುಂದಿರಿಸಿ, ಅವನಿಗೊಂದು ಕೆಲಸವನ್ನು ಹೇಳಿ, ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಮಾಡೆಂದು ಬೇಡಿಕೊಂಡು, ನಾವು ಸುಮ್ಮನೆ ಕುಳಿತುಕೊಳ್ಳುವದು. ಪುಟವು ಚೆನ್ನಾಗಿದೆಯೇ ಎಂದು ಕೇಳಬಾರದು. ಸಭ್ಯನಾದವನು ಚೆನ್ನಾಗಿದೆಯೆಂದೇ ಹೇಳುವನು. ಎಷ್ಟು ಜನರನ್ನು ಹೀಗೆ ನೋಡಬೇಕೆಂಬದಕ್ಕೆ ಡೆನ್ಮಾರ್ಕ್ ದೇಶದವರಾದ ಜೇಕಬ್ ನೀಲ್ಸನ್ ಅವರು 2000ದಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ಐವರನ್ನು ನೋಡಿದರೆ ನೂರಕ್ಕೆ ಸುಮಾರು 85ರಷ್ಟು ತೊಡಕುಗಳು ಹೊರಬೀಳುವವೆಂದೂ, ಹದಿನೈದು ಜನರನ್ನು ಒಮ್ಮೆಗೇ ನೋಡುವದಕ್ಕಿಂತ ಐವರನ್ನು ನೋಡಿ ತಿದ್ದಿ, ಮತ್ತೆ ಐವರನ್ನು ನೋಡಿ ತಿದ್ದುವದು ಲೇಸೆಂದೂ ಅವರ ಅಭಿಪ್ರಾಯ. ಒಬ್ಬರಿಗೊಬ್ಬರು ತೀರ ಭಿನ್ನರಾದ ಓದುಗರಿದ್ದಲ್ಲಿ ಪ್ರತಿಯೊಂದು ಪಂಗಡದವರನ್ನೂ ಬೇರೆಯಾಗಿ ನೋಡಬೇಕೆಂದೂ ಅವರೇ ಎಚ್ಚರಿಸಿದ್ದಾರೆ.

ಕಳೆದ ತಿಂಗಳು ನಾವೂ ಹೀಗೆ ಐವರನ್ನು ಕೂಡ್ರಿಸಿ ನೋಡಿದೆವು. ಪ್ರಸಾದನಿಲಯದ ವಿದ್ಯಾರ್ಥಿ ಒಬ್ಬ, ಕಾಲೇಜಿನಲ್ಲಿ ಓದುವ ಹೆಣ್ಣುಮಗಳು, ಪ್ರಾಥಮಿಕ ಶಾಲೆಯ ಶಿಕ್ಷಕರು, ವಯಸ್ಸಾದ ನೇಕಾರರು, ಒಬ್ಬ ರೈತರು. ಪುಟದ ಮೇಲಿನ ಮಾತುಗಳನ್ನೆಲ್ಲ ನಾನೇ ಬಹು ಶ್ರಮದಿಂದ ಬರೆದುಕೊಟ್ಟಿದ್ದೆನು. "ಪರಾಮರ್ಶನ ಸೇವೆ" ಎಂಬದನ್ನು ಕಂಡ ಶಿಕ್ಷಕರು, ಇಲ್ಲಿ ಪುಸ್ತಕಗಳ ವಿಮರ್ಶೆ ಮಾಡುವರೆಂದು ತಿಳಿದರು. "ಸೂಚೀಪತ್ರ"ವನ್ನು ರೈತರು ಸರಕಾರಿ ಸೂಚನೆಯೆಂದು ಬಗೆದು ಬಿಟ್ಟುಬಿಟ್ಟರು. "ಆಕರಗಳು" ಎಂಬದು "ಆಕಾರಗಳು" ಆಗಬೇಕಿತ್ತೆಂದು ನೇಕಾರರು ನನಗೆ ಮೆಲ್ಲಗೆ ತಿದ್ದುಪಡಿ ಸೂಚಿಸಿದರು. ಅರ್ಥವನ್ನು ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದು ಮುಚ್ಚಿಕೊಂಡೆನು. ಆ ಹೊತ್ತು ನನಗೆ ನೋವಾದದ್ದು ಸುಳ್ಳಲ್ಲ. ಆದರೆ ಕ್ಯಾಲಿಫೋರ್ನಿಯಾದ ಗ್ರಂಥಪಾಲಕರಾದ ಜಾನ್ ಕೂಪರ್‌ಸ್ಮಿತ್ ಅವರು ಅನೇಕ ಗ್ರಂಥಾಲಯಗಳ ಇಂಥ ಪರೀಕ್ಷೆಗಳನ್ನು ಕಲೆಹಾಕಿ, ಇಂಗ್ಲಿಷಿನಲ್ಲಿಯೂ ಕ್ಯಾಟಲಾಗ್, ಡೇಟಾಬೇಸ್, ರೆಫರೆನ್ಸ್, ಇಂಡೆಕ್ಸ್ ಮುಂತಾದ ಶಬ್ದಗಳು ಓದುಗರನ್ನು ತಡೆಯುವವೆಂದೂ, ಪುಸ್ತಕಗಳನ್ನು ಹುಡುಕಿರಿ ಎಂಬಂಥ ನೇರವಾದ ಮಾತುಗಳು ಅವರಿಗೆ ಬೇಗನೆ ಎಟಕುವವೆಂದೂ ತೋರಿಸಿದ್ದಾರೆ. ಈಗ ನಮ್ಮ ಪುಟದಲ್ಲಿ "ಪುಸ್ತಕ ಹುಡುಕಿರಿ" ಎಂದೂ "ನಮ್ಮನ್ನು ಕೇಳಿರಿ" ಎಂದೂ ಇದೆ. ಪ್ರಶ್ನೆ ಕಳಿಸುವ ನಮೂನೆಯಲ್ಲಿ ನಾನು ಹನ್ನೊಂದು ಕಲಮುಗಳನ್ನಿರಿಸಿದ್ದೆನು. ಐವರಲ್ಲಿ ಒಬ್ಬರೂ ಕೊನೆಯವರೆಗೆ ತುಂಬಲಿಲ್ಲ. ಈಗ ಉಳಿದದ್ದು ಮೂರೇ: ನಿಮ್ಮ ಪ್ರಶ್ನೆಯೇನು, ಅದರಿಂದ ನಿಮಗೇನಾಗಬೇಕಾಗಿದೆ, ಉತ್ತರವನ್ನು ಎಲ್ಲಿಗೆ ಕಳಿಸಬೇಕು. ಎರಡನೆಯದನ್ನು ತುಂಬುವದೂ ಬಿಡುವದೂ ಓದುಗರ ಇಚ್ಛೆ.

ಸಹಾಯವು ಎಲ್ಲಿ ನಿಂತಿರಬೇಕೆಂಬದು ಮುಂದಿನ ಪ್ರಶ್ನೆ. 1986ರಲ್ಲಿ ಕಾನ್‌ಸ್ಟನ್ಸ್ ಮೆಲ್ಲನ್ ಎಂಬವರು ಎರಡು ವರ್ಷಗಳ ಕಾಲ ಆರು ಸಾವಿರ ಕಾಲೇಜು ವಿದ್ಯಾರ್ಥಿಗಳನ್ನು ಕುರಿತು ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಗ್ರಂಥಾಲಯವನ್ನು ಮೊದಲು ಹೊಕ್ಕಾಗ ತಮಗಾದದ್ದನ್ನು ನೂರಕ್ಕೆ 75ರಿಂದ 85 ಜನರು ಭಯದ ಮಾತುಗಳಲ್ಲಿ ವರ್ಣಿಸಿದ್ದರು. ಉಳಿದವರಿಗೆಲ್ಲ ತಿಳಿದಿರುವದು ತನಗೊಬ್ಬನಿಗೆ ತಿಳಿಯದೆಂಬ ನಾಚಿಕೆ, ಕೇಳಿದರೆ ಆ ಅಜ್ಞಾನವು ಬಯಲಾದೀತೆಂಬ ಅಂಜಿಕೆ, ಇವು ಆ ಭಯದ ಬೇರುಗಳು. ಹೀಗೆ ಅಂಜಿದವನು ಸಹಾಯವನ್ನು ಹುಡುಕಿಕೊಂಡು ಬರುವದಿಲ್ಲ. ಸಹಾಯವೇ ಅವನು ಎಡವಿದ ಜಾಗದಲ್ಲಿ ಇರಬೇಕು. ಮೊದಲ ಪುಟದ ಮೂಲೆಯಲ್ಲಿ ಒಂದು ಸಣ್ಣ ಗುರುತನ್ನಿಟ್ಟರೆ ಸಾಲದು. ಹುಡುಕಿದ ಪುಸ್ತಕವು ಸಿಕ್ಕಲಿಲ್ಲವೆಂದು ಯಂತ್ರವು ಹೇಳುವ ಆ ಪುಟದಲ್ಲಿಯೇ, "ನಮ್ಮನ್ನು ಕೇಳಿರಿ, ನಾಳೆ ಸಂಜೆಯೊಳಗೆ ಉತ್ತರ ಬರೆಯುವೆವು" ಎಂಬ ಮಾತಿರಬೇಕು. ಕಾಲವನ್ನು ಹೇಳಿದ ಮೇಲೆ ಅದನ್ನು ಮೀರಬಾರದು.

ಕನ್ನಡದ ಓದುಗನಿಗೆ ಇನ್ನೊಂದು ತೊಡಕು ಹೆಚ್ಚಾಗಿಯೇ ಇದೆ. ಆ ಹೆಣ್ಣುಮಗಳು "ಹಳಗನ್ನಡ ವ್ಯಾಕರಣ" ಎಂದು ಬರೆದು ಹುಡುಕಿದಳು, ಯಂತ್ರವು ಇಲ್ಲವೆಂದಿತು. ನಮ್ಮ ಪಟ್ಟಿಯಲ್ಲಿ "ಹಳೆಗನ್ನಡ" ಎಂದು ಇದ್ದಿತು. ಒಂದು ಅಕ್ಷರದ ಅಂತರದಿಂದ ಏಳು ಗ್ರಂಥಗಳು ಅವಳಿಗೆ ಮರೆಯಾದವು. 1894ರಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟನ್ನು "ಕಿಟೆಲ್" ಎಂದು ಬರೆದು ಹುಡುಕುವವರಿಗೂ ಇದೇ ಗತಿ. ಹಳೆಯ ಮುದ್ರಣಗಳಲ್ಲಿರುವ ಱ, ೞ ಅಕ್ಷರಗಳನ್ನು ಇಂದಿನ ಓದುಗನು ಬೆರಳಚ್ಚಿನಲ್ಲಿ ತರುವದು ಕಠಿಣ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವು ಸೇರಿದ್ದರೂ, ಅನಂತರದ ಅನೇಕ ವರ್ಷಗಳವರೆಗೆ ಬೇರೆ ಬೇರೆ ಸಂಕೇತಗಳಲ್ಲಿ ಬೆರಳಚ್ಚಾದ ಕನ್ನಡ ಪಟ್ಟಿಗಳು ಪರಿವರ್ತನೆಯಾಗದೆ ಹುಡುಕಲು ಸಿಕ್ಕುವದಿಲ್ಲ. ಇವೆಲ್ಲವನ್ನೂ ಓದುಗನ ತಪ್ಪೆಂದು ಎಣಿಸುವದು ಅನ್ಯಾಯ. ಒಂದು ಹೆಸರಿಗೆ ಎಷ್ಟು ಬರಹಗಳು ರೂಢಿಯಲ್ಲಿರುವವೋ ಅಷ್ಟನ್ನೂ ಪಟ್ಟಿಯ ಹಿಂದೆ ಜೋಡಿಸಿ, ಯಾವ ಬಾಗಿಲಿನಿಂದ ಬಂದರೂ ಅದೇ ಗ್ರಂಥವು ಸಿಕ್ಕುವಂತೆ ಮಾಡುವದು ಪಂಡಿತರಾದ ನಮ್ಮ ಕೆಲಸ. ಪಾಠಾಂತರಗಳನ್ನು ಕೂಡಿಸುವ ನಮ್ಮ ಹಳೆಯ ವಿದ್ಯೆಯು ಇಲ್ಲಿ ಹೊಸ ಉಪಯೋಗಕ್ಕೆ ಬರುವದು.

ಕಣ್ಣು ಕಾಣದವರನ್ನೂ ಮರೆಯಬಾರದು. ಪುಟದ ಮೇಲಿನ ಬರಹವನ್ನು ಅವರಿಗೆ ಓದಿಹೇಳುವ ಸಾಧನಗಳಿವೆ. ಆದರೆ ನಾವು ಬರಹವನ್ನು ಚಿತ್ರವಾಗಿ ಅಂಟಿಸಿದ್ದರೆ ಆ ಸಾಧನವು ಮೂಕವಾಗುವದು. ಬಹುಜನರು ಈಗ ಅಂಗೈಯಗಲದ ದೂರವಾಣಿಯಲ್ಲಿಯೇ ಓದುತ್ತಿರುವದರಿಂದ ಪುಟವನ್ನು ಅದರಲ್ಲಿಯೇ ಪರೀಕ್ಷಿಸಿ ನೋಡತಕ್ಕದ್ದು. ಬರೆಯಲು ಬಾರದವರು ಮಾತಿನಿಂದಲೇ ಕೇಳುವಂತೆ ಕಚೇರಿಯ ದೂರವಾಣಿಯ ಸಂಖ್ಯೆಯನ್ನೂ ಕಾಣಿಸಿರಬೇಕು.

ಗುಟ್ಟನ್ನು ಕಾಯುವದೂ ಈ ಸೇವೆಯ ಒಂದು ಅಂಗವೇ ಆಗಿರುತ್ತದೆ. ಓದುಗರಿಂದ ತಿಳಿದ ಖಾಸಗಿ ಸಂಗತಿಗಳನ್ನು ಗೋಪ್ಯವಾಗಿಡುವದು ಗ್ರಂಥಪಾಲಕನ ಕರ್ತವ್ಯವೆಂದು ಅಮೆರಿಕದ ಗ್ರಂಥಾಲಯ ಸಂಘವು 1939ರಲ್ಲಿಯೇ ತನ್ನ ನೀತಿಸಂಹಿತೆಯಲ್ಲಿ ಬರೆದುಕೊಂಡಿತು. ಅಂತರ್ಜಾಲದಲ್ಲಿ ಕೇಳಿದ ಪ್ರಶ್ನೆಯು ಗಾಳಿಯಲ್ಲಿ ಕರಗುವ ಮಾತಲ್ಲ. ಅದು ದಾಖಲೆಯಾಗಿ ಉಳಿಯುವದು. ರೋಗವನ್ನು ಕುರಿತೋ, ಸಾಲವನ್ನು ಕುರಿತೋ, ಮನೆಯ ವ್ಯಾಜ್ಯವನ್ನು ಕುರಿತೋ ಒಬ್ಬನು ನಂಬಿ ಕೇಳಿದ್ದನ್ನು ಹೆಸರಿನೊಡನೆ ಕೂಡಿಡಲು ನಮಗೆ ಅಧಿಕಾರವಿಲ್ಲ. ಉತ್ತರ ಮುಟ್ಟಿದ ಮೇಲೆ ಹೆಸರನ್ನು ಅಳಿಸಿ, ಪ್ರಶ್ನೆಯ ತಿರುಳನ್ನು ಮಾತ್ರ ನಮ್ಮ ಕಲಿಕೆಗಾಗಿ ಉಳಿಸಿಕೊಂಡರೆ ಸಾಕು.

ಇಷ್ಟೆಲ್ಲ ಶ್ರಮವೇಕೆ, ಪ್ರಶ್ನೆಗಳಿಗೆ ಯಂತ್ರವೇ ಉತ್ತರ ಹೇಳುವ ಕಾಲವು ಬಂದಿದೆಯಲ್ಲ ಎಂದು ತರುಣರು ಕೇಳಬಹುದು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಎಂಬ ಸಾಧನವು ಸಾರ್ವಜನಿಕರ ಕೈಗೆ ಬಂದಂದಿನಿಂದ ಈ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಅದರ ಶಕ್ತಿಯನ್ನು ನಾನು ಹಳಿಯುವದಿಲ್ಲ. ನಡುರಾತ್ರಿಯಲ್ಲಿಯೂ ಅದು ಎಚ್ಚರವಾಗಿರುವದು. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಬೇಸರಿಸದು. ಅಂಜುವ ಓದುಗನಿಗೆ ಇದೂ ಒಂದು ಉಪಕಾರವೇ. ಆದರೆ ಇಂಥ ಸಾಧನಗಳು ಇಲ್ಲದ ಗ್ರಂಥಗಳ ಹೆಸರನ್ನು ಇದ್ದಂತೆಯೇ ಹೇಳಿದ್ದುಂಟು. ಆ ಹೆಸರುಗಳನ್ನು ಹಿಡಿದು ಓದುಗರು ಗ್ರಂಥಾಲಯಗಳಿಗೆ ಬಂದು ಬರಿಗೈಯಲ್ಲಿ ಮರಳಿದ್ದೂ ಉಂಟು. ಆದಕಾರಣ ಯಂತ್ರವನ್ನು ಇರಿಸಿಕೊಂಡರೂ ಎರಡು ನಿಯಮಗಳನ್ನು ಪಾಲಿಸಬೇಕು. ಉತ್ತರಿಸುತ್ತಿರುವದು ಯಂತ್ರವೆಂದು ಓದುಗನಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಅಲ್ಲಿಂದ ಮನುಷ್ಯನ ಬಳಿಗೆ ಹೋಗುವ ದಾರಿಯು ಒಂದೇ ಹೆಜ್ಜೆಯದಾಗಿರಬೇಕು. ನಾನು ಮನುಷ್ಯನಾಗಿದ್ದೂ ಆ ತರುಣನಿಗೆ ತಪ್ಪು ಗ್ರಂಥವನ್ನು ಕೊಟ್ಟೆನೆಂಬದನ್ನು ಮರೆತು ಈ ಮಾತನ್ನು ಹೇಳುತ್ತಿಲ್ಲ. ಮನುಷ್ಯನಾಗಲಿ ಯಂತ್ರವಾಗಲಿ, ತಿರುಗಿ ಒಂದು ಪ್ರಶ್ನೆಯನ್ನು ಕೇಳದೆ ಉತ್ತರಿಸಲು ಅವಸರಪಟ್ಟರೆ ಆಗುವ ಅನರ್ಥವು ಒಂದೇ.

ಮಹನೀಯರೆ, ಈ ಕಾರ್ಯಕ್ಕೆ ದ್ರವ್ಯವು ಬೇಕು, ಯಂತ್ರಗಳು ಬೇಕು. ಅವುಗಳನ್ನು ದಾನಿಗಳು ಒದಗಿಸುವರೆಂಬ ಭರವಸೆಯಿದೆ. ಆದರೆ ಪುಟವು ಸಿದ್ಧವಾಯಿತೆಂದು ನಾವು ಸುಮ್ಮನಾಗಕೂಡದು. ಮೂರು ತಿಂಗಳಿಗೊಮ್ಮೆ ಹೊಸ ಐವರನ್ನು ಕರೆದು, ಅವರ ಪಕ್ಕದಲ್ಲಿ ಮೌನವಾಗಿ ಕುಳಿತು, ಅವರು ಎಲ್ಲಿ ಎಡವುವರೋ ಅಲ್ಲಿ ನಮ್ಮನ್ನು ನಾವು ತಿದ್ದಿಕೊಳ್ಳಬೇಕೆಂದು ಆಡಳಿತ ಮಂಡಳಿಯವರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಆ ಐವರಲ್ಲಿ ಒಬ್ಬರಾದರೂ ಈ ಭಾಂಡಾರವನ್ನು ಎಂದೂ ಕಾಣದ ಹಳ್ಳಿಯವರಾಗಿರಲಿ. ಪಾಂಡಿತ್ಯವುಳ್ಳವರಿಗೆ ದಾರಿಯು ಹೇಗೂ ಸಿಕ್ಕುವದು.

ನನ್ನ ಮೇಜಿನ ಮೇಲೆ ಈಗ ಓಲೆಗರಿಗಳ ಪಕ್ಕದಲ್ಲಿ ಆ ದನಗಳ ರೋಗದ ಕೈಪಿಡಿಯೂ ಇರುತ್ತದೆ. ಅಂತರ್ಜಾಲದ ಪಟ್ಟಿಯಲ್ಲಿ ಅದರ ಹೆಸರಿನ ಹಿಂದೆ ಎಮ್ಮೆ, ಆಕಳು, ಎತ್ತು, ಗೊರಸು, ಬಾವು, ಮದ್ದು ಎಂಬ ಮಾತುಗಳನ್ನು ನಾನೇ ಸೇರಿಸಿದ್ದೇನೆ. ಮುಂದೆ ಯಾವನಾದರೂ ತರುಣನು ತನ್ನ ಕೊಟ್ಟಿಗೆಯಲ್ಲಿ ನಿಂತು ಇವುಗಳಲ್ಲಿ ಒಂದು ಮಾತನ್ನು ಬರೆದು ಹುಡುಕಿದರೆ, ಆ ಪುಸ್ತಕವು ಅವನಿಗೆ ಕಾಣಿಸುವದು, ಕಾಣಿಸದಿದ್ದರೆ, "ನಿಮಗೇನಾಗಬೇಕಾಗಿದೆ?" ಎಂಬ ಪ್ರಶ್ನೆಯಾದರೂ ಕಾಣಿಸುವದು.